ಇದೇ ಖರೆ ಫೈನಲ್

ನಮ್ಮ ಚಾಚಾ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕಾಗದವನ್ನೂ ಕಳೆದವರಲ್ಲ. ಇದನ್ನು ಹುಕ್ಕೇರಿಯಲ್ಲಿ ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಅವರು ಇಟ್ಟ ಕಾಗದವನ್ನು ಅವರ ಹೊರತು ಬೇರೆ ಯಾರಾದರೂ ಹುಡುಕಿ ತೆಗೆದಿದ್ದಾರೆಯೇ ಎಂದು ಮಾತ್ರ ದಯವಿಟ್ಟು ಕೇಳಬೇಡಿ!

ಚಾಚಾ ಅಂದರೆ ನನ್ನ ತಂದೆಯ ತಮ್ಮ. ಆದರೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರಿಂದ ಹಿಡಿದು ನಮ್ಮ ಸಂಸ್ಥೆಯ ಅಧ್ಯಕ್ಷರವರೆಗೆ, ಅದೂ ಅಧ್ಯಕ್ಷರು ಇವರಿಗಿಂತ ವಯಸ್ಸಿನಲ್ಲಿ ಹಿರಿಯರು, ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುವುದರಿಂದ, ರಕ್ತಸಂಬಂಧದಿಂದ ಹಾಗೆ ಕರೆಯುವ ನನಗೆ ಯಾವ ವಿಶೇಷ ಹಕ್ಕೂ ಉಳಿದಿಲ್ಲ. ನಮ್ಮದು ಒಂದು ಶಿಕ್ಷಣ ಸಂಸ್ಥೆ. ಹುಕ್ಕೇರಿಯಲ್ಲಿ ಮುಖ್ಯ ಕಚೇರಿ, ಅದಕ್ಕೆ ಅಂಟಿಕೊಂಡು ಒಂದು ಶಾಲೆ. ಗೋಕಾಕದಲ್ಲಿ ಒಂದು, ಮೂಡಲಗಿಯಲ್ಲಿ ಇನ್ನೊಂದು. ಚಾಚಾ ಕಚೇರಿಯ ಅಧೀಕ್ಷಕರು, ನಾನು ಅವರ ಕೈಕೆಳಗಿನ ಗುಮಾಸ್ತೆ. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಸಂಸ್ಥೆ ಮಾತ್ರ ಅವರನ್ನು ಬಿಟ್ಟಿಲ್ಲ. ಪ್ರೀತಿಗಾಗಿ ಎಂದುಕೊಂಡಿರಾ? ಪ್ರೀತಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ಮನೆಗೆ ಕಳಿಸಿದ ಮರುದಿನ ಯಾವ ಕಾಗದ ಎಲ್ಲಿದೆ ಎಂದು ಯಾರನ್ನು ಕೇಳುವುದು!

ಚಾಚಾ ಮೊದಲಿನಿಂದಲೂ ಹೀಗಿರಲಿಲ್ಲ. ಅವರ ಕಾಲದ ಎಲ್ಲ ಅಧೀಕ್ಷಕರ ಹಾಗೆ ಅವರದ್ದೂ ಒಂದು ಕಬ್ಬಿಣದ ಕಪಾಟು, ಒಂದು ಚಾವಿ. ಆ ಕಪಾಟು ಆಗ ಗೋಕಾಕದ ಶಾಲೆಯಲ್ಲಿತ್ತು. ಒಂದು ಮಳೆಗಾಲ ಹೊಳೆ ಉಕ್ಕಿ ಊರೊಳಗೆ ಬಂತು. ನಮ್ಮ ಶಾಲೆಯ ಒಳಗೂ ಬಂತು. ನೀರು ಇಳಿದ ಮೇಲೆ ಕಪಾಟು ತೆಗೆದರೆ ಒಳಗಿದ್ದದ್ದು ಕಾಗದವಲ್ಲ, ದೋಸೆ ಹಿಟ್ಟು. ಮೂಡಲಗಿ ಶಾಲೆಯ ದಾಖಲಾತಿ ಪುಸ್ತಕಗಳೂ ಹೊಸ ರಟ್ಟು ಹಾಕಿಸಲೆಂದು ಆಗಲೇ ಗೋಕಾಕಕ್ಕೆ ಬಂದಿದ್ದವು. ಅವೂ ನೆನೆದವು. ಚಾಚಾ ಶಾಲೆಯ ಮಾಳಿಗೆಯ ಮೇಲೆ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಚಿಮಟಿ ಹಾಕಿ, ಹಾಳೆಗಳನ್ನು ಒಂದೊಂದಾಗಿ ಒಣಹಾಕಿದರು. ಹೆಡ್ ಮಾಸ್ತರರ ಸೇವಾ ಪುಸ್ತಕ ಅವರದೇ ಬನಿಯನ್ನಿನ ಪಕ್ಕದಲ್ಲಿ ಗಾಳಿಗೆ ಹಾರಾಡುತ್ತಿದ್ದ ದೃಶ್ಯವನ್ನು ನಾನು ಮರೆಯಲಾರೆ. ಶಾಯಿ ದಿನದಿಂದ ದಿನಕ್ಕೆ ಮಾಸುತ್ತಿತ್ತು. ಅದು ಪೂರಾ ಹೋಗುವ ಮೊದಲೇ ಚಾಚಾ ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಮ್ಮ ಫೋನಿನಿಂದ ಹಾಳೆ ಹಾಳೆಯ ಫೋಟೋ ತೆಗೆದರು.

ಅಂದು ಅವರಿಗೆ ಎರಡು ಜ್ಞಾನೋದಯಗಳಾದವು. ಒಂದು, ಕಾಗದಕ್ಕಿಂತ ಫೋಟೋ ಗಟ್ಟಿ. ಇನ್ನೊಂದನ್ನು ಅವರ ಮಾತಿನಲ್ಲೇ ಕೇಳಿ.

"ಒಂದ ಕಡೆ ಇಟ್ಟಿದ್ನಲ್ಲಾ, ಅದಕ್ಕ ಹೋತು. ಇನ್ನ ಮುಂದ ಎಲ್ಲಾ ಕಡೆ ಇಡ್ತೇನಿ. ಹೊಳಿ ಎಷ್ಟ ಕಡೆ ಬರ್ತೈತಿ ನೋಡೇ ಬಿಡೋಣು!"

ಹೊಳೆಯ ಜೊತೆ ಅವರು ಹೂಡಿದ ಯುದ್ಧ ಹೀಗೆ ಶುರುವಾಯಿತು. ಸಂಸ್ಥೆಯ ದಾಖಲೆಗಳು ಕಚೇರಿಯ ಕಂಪ್ಯೂಟರಿನಲ್ಲಿ ಅಷ್ಟಿಷ್ಟು, ಚಾಚಾನ ಎರಡು ಫೋನುಗಳಲ್ಲಿ ಅಷ್ಟಿಷ್ಟು, ಬಸ್ ಸ್ಟ್ಯಾಂಡಿನ ಬಾಜೂ ಇರುವ ಝೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ, ಸಂಕೇಶ್ವರದಲ್ಲಿ ಅಡತಿ ಅಂಗಡಿ ಇಟ್ಟಿರುವ ಅವರ ಷಡ್ಡಕನ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ, ಮೂಡಲಗಿಯ ಹೆಡ್ ಮಾಸ್ತರರ ಮನೆಯಲ್ಲಿ ಸ್ವಲ್ಪ, ಹೀಗೆ ನೆಂಟರಿಷ್ಟರ ಮನೆಗೆ ರಜೆಗೆ ಹೋದ ಮಕ್ಕಳಂತೆ ಹಂಚಿಹೋದವು. ಉಳಿದದ್ದಕ್ಕೆ ಪೆನ್ ಡ್ರೈವುಗಳು. ಅವನ್ನು ಚಾಚಾ ಮನೆಯ ಚಾವಿ ಗೊಂಚಲಿಗೆ ಪೋಣಿಸಿಕೊಂಡಿದ್ದರು. ಅವರು ನಡೆದು ಬಂದರೆ ಎತ್ತು ಬಂದಂತೆ ಸಪ್ಪಳ!

ಇದಿಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಚಾಚಾ ಹೆಸರಿಡುವ ರೀತಿ ಇದೆಯಲ್ಲ, ಅದು ಇನ್ನೊಂದೇ ಕಥೆ. ನೀವು ನಾನು ಆದರೆ ಏನು ಮಾಡುತ್ತೇವೆ? ವರ್ಗಾವಣೆ ಆದೇಶಕ್ಕೆ 'ವರ್ಗಾವಣೆ ಆದೇಶ' ಎಂದು ಹೆಸರಿಡುತ್ತೇವೆ. ಚಾಚಾಗೆ ಇದು ರುಚಿ ಇಲ್ಲದ ಕೆಲಸ. ಅವರು ಆ ದಿನ ಏನು ನಡೆಯಿತೋ ಅದರ ಹೆಸರಿಡುತ್ತಾರೆ.

ಒಮ್ಮೆ ಒಬ್ಬ ಟೀಚರ್ ತಮ್ಮ ವರ್ಗಾವಣೆ ಆದೇಶದ ಪ್ರತಿ ಬೇಕೆಂದು ಬಂದರು. ನಾನು ಅರ್ಧ ತಾಸು ಹುಡುಕಿ ಸೋತು ಚಾಚಾನ ಕಡೆ ನೋಡಿದೆ. ಅವರು ಚಹಾದ ಬಸಿ ಕೆಳಗಿಡದೆಯೇ ಹೇಳಿದರು:

"ಕರದಂಟು ಅಂತ ಒಂದ ಫೋಲ್ಡರ್ ಐತಿ, ತಗಿ."

ತೆಗೆದೆ. ಆದೇಶ ಅಲ್ಲೇ ಇತ್ತು!

"ಚಾಚಾ, ವರ್ಗಾವಣೆಗೂ ಕರದಂಟಿಗೂ ಏನ್ ಸಂಬಂಧರಿ?"

"ಅವತ್ತ ಈ ಟೀಚರು ಗೋಕಾಕದಿಂದ ಕರದಂಟ ತಂದಿದ್ರಲ್ಲಾ! ಮರತ್ರೇನ್ ಟೀಚರ? ಅಂಟು ಭಾಳ ಛಲೋ ಹಾಕಿದ್ರು."

ಟೀಚರಿಗೆ ಆದೇಶ ಸಿಕ್ಕಿದ್ದಕ್ಕಿಂತ ತಮ್ಮ ಕರದಂಟು ಚಾಚಾಗೆ ನೆನಪಿದ್ದದ್ದಕ್ಕೇ ಹೆಚ್ಚು ಸಂತೋಷವಾಯಿತು. ಹೀಗೆ ನಮ್ಮ ಕಂಪ್ಯೂಟರಿನಲ್ಲಿ 'ಹೆಡ್ ಮಾಸ್ತರ ಸಿಟ್ಟಾದ ದಿನ', 'ಕರೆಂಟ್ ಹೋಗಿ ಬಂತು', 'ಮಂಗ್ಯಾ ಒಳಗ ಬಂದಿತ್ತು' ಮುಂತಾದ ಫೋಲ್ಡರುಗಳು ಸಾಲಾಗಿ ಕುಳಿತಿದ್ದವು. ಕಟ್ಟಡದ ಪರವಾನಗಿ ಮಂಗನ ಬಳಿ ಇತ್ತು. ಯಾರಿಗಾದರೂ ಊಹಿಸಲು ಸಾಧ್ಯವೇ?

ಒಂದೇ ಕಡತ ಹಲವು ಸಲ ತಿದ್ದುಪಡಿಯಾದರೆ ಹೆಸರು ಬೆಳೆಯುತ್ತಿತ್ತು. ಮೊದಲು 'ಫೈನಲ್'. ಅದನ್ನು ತಿದ್ದಿದ ಮೇಲೆ 'ಖರೆ ಫೈನಲ್'. ಅಧ್ಯಕ್ಷರು ಮತ್ತೆ ಏನೋ ಬದಲಿಸಿದರೆ 'ಇದೇ ಖರೆ ಫೈನಲ್'. ಎಲ್ಲಕ್ಕಿಂತ ಕೊನೆಗೆ 'ಅಲ್ಲಾಹನ ಆಣಿ ಇದೇ'.

ಈ ಫೈನಲ್‌ಗಳ ಮಹಿಮೆ ಗೊತ್ತಾದದ್ದು ಒಂದು ಸ್ಥಳೀಯ ರಜೆಯ ವಿಷಯದಲ್ಲಿ. ರಜೆಯ ದಿನವನ್ನು ಅಧ್ಯಕ್ಷರು ಎರಡು ಸಲ ಬದಲಿಸಿದ್ದರು. ಚಾಚಾ ಮೂರೂ ಶಾಲೆಗಳಿಗೆ ಸುತ್ತೋಲೆ ಕಳಿಸಿದರು, ಆದರೆ ಬೇರೆ ಬೇರೆ ಫೋನಿನಿಂದ, ಬೇರೆ ಬೇರೆ ಫೈನಲ್. ಪರಿಣಾಮವಾಗಿ ಗೋಕಾಕದ ಮಕ್ಕಳು ಗುರುವಾರ ಮನೆಯಲ್ಲಿ ಮಲಗಿದರು, ಮೂಡಲಗಿಯವರು ಶುಕ್ರವಾರ, ಹುಕ್ಕೇರಿಯವರು ಶನಿವಾರ. ಗೋಕಾಕದಲ್ಲಿ ಅಣ್ಣ, ಮೂಡಲಗಿಯಲ್ಲಿ ತಂಗಿ ಓದುತ್ತಿದ್ದ ಒಂದು ಮನೆಯ ತಂದೆಯಂತೂ ಕಚೇರಿಗೆ ಬಂದು, "ನಿಮ್ಮ ಸಾಲಿ ಒಂದೈತೋ ಮೂರ ಅದಾವೋ?" ಎಂದು ಜಗಳ ತೆಗೆದರು. ಅಧ್ಯಕ್ಷರು ಚಾಚಾನನ್ನು ಕರೆಸಿ, ಮೂರೂ ಸುತ್ತೋಲೆಗಳನ್ನು ಮುಂದಿಟ್ಟು ಕೇಳಿದರು:

"ಚಾಚಾ, ಇದರಾಗ ಖರೆ ಯಾವ್ದರಿ?"

ಚಾಚಾ ಕನ್ನಡಕ ಏರಿಸಿ ಮೂರನ್ನೂ ಗಮನವಿಟ್ಟು ಓದಿ ಹೇಳಿದರು:

"ಮೂರೂ ಖರೆನ ಅದಾವ್ರಿ ಸರ. ಒಂದೊಂದ ಒಂದೊಂದ ದಿನ ಖರೆ ಇತ್ತು."

ಅಧ್ಯಕ್ಷರು ಪಾಪ, ಚಹಾ ತರಿಸಿದರು.

ವಾರ್ಷಿಕ ಸಭೆಯದ್ದು ಇನ್ನೂ ಮಜಾ. ಮೂರೂ ಶಾಲೆಯ ಶಿಕ್ಷಕರು ಸೇರಿದ್ದಾರೆ, ಪರದೆ ಕಟ್ಟಿದೆ, ಚಾಚಾ ಗೊಂಚಲಿನಿಂದ ಒಂದು ಪೆನ್ ಡ್ರೈವ್ ಆರಿಸಿ ಗಂಭೀರವಾಗಿ ಚುಚ್ಚಿದರು. 'ವಾರ್ಷಿಕ ವರದಿ' ತೆರೆಯಬೇಕಾದ ಜಾಗದಲ್ಲಿ ಪರದೆಯ ತುಂಬ ನಮ್ಮ ಚಾಚಿ! ಕೈಯಲ್ಲಿ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಾರೆ. ಚಾಚಿ ಮನೆಯಲ್ಲಿ ಉರ್ದು ಆಡುತ್ತಾರೆ; ಬೈಯುವಾಗ ಮಾತ್ರ ತಮ್ಮ ತವರಾದ ಬೆಲ್ಲದ ಬಾಗೇವಾಡಿಯ ಕನ್ನಡಕ್ಕೆ ಬರುತ್ತಾರೆ, ಅದರಲ್ಲಿ ಬೈದರೆ ತಾಗುವಷ್ಟು ಇನ್ನೊಂದರಲ್ಲಿ ತಾಗುವುದಿಲ್ಲವಂತೆ.

"ಆ ಫೋನ್ ಬಾಜೂ ಇಡ್ರಿ ಮೊದಲ! ಶೂಟಿಂಗ್ ಮಾಡಾಕತ್ತಾರ ಶೂಟಿಂಗ್! ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ ಅಂದ್ರ ಕೇಳಂಗಿಲ್ಲ!" ಎಂದು ಸಭೆಯನ್ನು ಉದ್ದೇಶಿಸಿ ಮಾತನಾಡಿದರು.

ಸಭೆ ಬಿದ್ದು ಬಿದ್ದು ನಕ್ಕಿತು. ಚಾಚಾ ಮಾತ್ರ ಅಲುಗದೆ, "ಇದು ಹೋದ ವರ್ಷದ್ದು. ಈ ವರ್ಷದ ವರದಿ ಬ್ಯಾರೆ ಐತಿ" ಎಂದರು.

ಹೀಗೆ ನಗುತ್ತಾ ನಡೆದಿದ್ದ ಸಂಸಾರಕ್ಕೆ ಒಂದು ದಿನ ಆ ಹುಡುಗಿ ಬಂದಳು.

ಮೂಡಲಗಿ ಕಡೆಯ ಕುರಿಗಾರ ಮನೆತನದ ಹುಡುಗಿ. ನಮ್ಮದೇ ಮೂಡಲಗಿ ಶಾಲೆಯಲ್ಲಿ ಓದಿ, ನರ್ಸಿಂಗ್ ಮುಗಿಸಿ, ಸರ್ಕಾರಿ ಆಸ್ಪತ್ರೆಗೆ ಆಯ್ಕೆಯಾಗಿದ್ದಳು. ಜೊತೆಗೆ ಅವಳ ತಂದೆ, ಹೆಗಲ ಮೇಲೆ ಕಂಬಳಿ. ಅವಳ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ ಒಂದು, ಆಧಾರಿನಲ್ಲಿ ಇನ್ನೊಂದು. ಶಾಲೆಗೆ ಸೇರಿದಾಗ ಬರೆಸಿದ ದಾಖಲಾತಿಯ ಹಾಳೆಯ ಪ್ರತಿಯನ್ನು ಸಂಸ್ಥೆಯವರ ಸಹಿ ಮಾಡಿಸಿ ಸೋಮವಾರದೊಳಗೆ ಕೊಡದಿದ್ದರೆ ಕೆಲಸ ಮುಂದಿನವರಿಗೆ ಹೋಗುತ್ತದೆಂದು ಆಸ್ಪತ್ರೆಯವರು ಹೇಳಿದ್ದರು. ಅಂದು ಗುರುವಾರ.

"ಆಸ್ಪತ್ರೆದು, ಪಂಚಾಯತಿದು ಏನರ ಜನ್ಮದಾಖಲೆ ಐತೇನವಾ?" ಎಂದು ಚಾಚಾ ಕೇಳಿದರು.

ಹುಡುಗಿ ತಂದೆಯ ಮುಖ ನೋಡಿದಳು. ತಂದೆ ಹೇಳಿದರು:

"ಎಲ್ಲಿದ್ರಿ ಚಾಚಾ. ಕುರಿ ಹೊಡಕೊಂಡ ಹೊಂಟಿದ್ವಿ, ಈಕಿ ದಾರ್ಯಾಗ ಹುಟ್ಟಿದ್ಳು. ಆಮ್ಯಾಲೆ ಮಾಸ್ತರ ಕೇಳಿ ಕೇಳಿ ಲೆಕ್ಕಾ ಹಾಕಿ ಸಾಲ್ಯಾಗ ಬರಕೊಂಡ್ರು. ಅದ ಒಂದ ನಮಗ ಗೊತ್ತಿರೂದು."

ಮೂಲ ಪುಸ್ತಕ ಮೂಡಲಗಿಯಲ್ಲಿದೆ. ಆದರೆ ಅದು ಹೊಳೆಯಲ್ಲಿ ನೆನೆದ ಪುಸ್ತಕ. ಆ ಹಾಳೆಯಲ್ಲಿ ಈಗ ನೀಲಿ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಉಳಿದದ್ದೆಂದರೆ ಚಾಚಾ ಮಾಳಿಗೆಯ ಮೇಲೆ ತೆಗೆದ ಫೋಟೋ.

"ಚಿಂತಿ ಮಾಡಬ್ಯಾಡ್ರಿ. ಚಹಾ ಕುಡೀರಿ, ಅಷ್ಟರಾಗ ತಗದ ಕೊಡ್ತೇನಿ" ಎಂದರು ಚಾಚಾ.

ನಾನು ಕಂಪ್ಯೂಟರಿನ ಮುಂದೆ ಕುಳಿತು ಅವರ ಬಾಯಿಂದ ಬರುವ ಹೆಸರಿಗಾಗಿ ಕಾದೆ. ಚಾಚಾ ಕಣ್ಣು ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು. ಚಹಾ ಬಂತು, ಕುಡಿದದ್ದೂ ಆಯಿತು.

"ಅವತ್ತ ಏನಾಗಿತ್ತಂದ್ರ..." ಎಂದು ನಿಲ್ಲಿಸಿ, "ಬೇಟಿ, ಅವತ್ತ ಏನಾಗಿತ್ತು?" ಎಂದು ನನ್ನನ್ನೇ ಕೇಳಿದರು.

ನನಗೆ ಹೇಗೆ ಗೊತ್ತಿರಬೇಕು?

ಕಚೇರಿಯ ಕಂಪ್ಯೂಟರಿನಲ್ಲೂ ಚಾಚಾನ ಎರಡು ಫೋನುಗಳಲ್ಲೂ ಸಿಗಲಿಲ್ಲ. ಮೊದಲು ಝೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವನು ಹೋದ ತಿಂಗಳಷ್ಟೇ ಕಂಪ್ಯೂಟರ್ ಪೂರಾ ಅಳಿಸಿ ಹೊಸದಾಗಿ ಮಾಡಿಸಿದ್ದ. "ಭಾಳ ಸ್ಲೋ ಆಗಿತ್ರಿ ಚಾಚಾ. ಒಳಗ ಯಾವ್ಯಾವ್ದೋ ಮಂಗ್ಯಾ ಗಿಂಗ್ಯಾ ಅಂತ ಫೈಲ್ ತುಂಬಿದ್ವು" ಎಂದ. ಸಂಕೇಶ್ವರಕ್ಕೆ ಫೋನ್ ಮಾಡಿದರೆ ಷಡ್ಡಕ ಲ್ಯಾಪ್‌ಟಾಪನ್ನು ಮಗಳಿಗೆ ಕೊಟ್ಟಿದ್ದರು, ಮಗಳು ಅದನ್ನು ತೆಗೆದುಕೊಂಡು ಗಂಡನ ಮನೆಗೆ ಕೊಲ್ಹಾಪುರಕ್ಕೆ ಹೋಗಿದ್ದಳು, ಅಲ್ಲಿ ಅದು ಕೆಟ್ಟು ಮೂಲೆ ಸೇರಿತ್ತು. ಶುಕ್ರವಾರ ಬೆಳಿಗ್ಗೆ ಗೋಕಾಕದ ಬಸ್ ಹಿಡಿದು, ಅಲ್ಲಿಯ ಶಾಲೆಯ ಕಂಪ್ಯೂಟರನ್ನು ಜಾಲಾಡಿ, ಅಲ್ಲಿಂದ ಮೂಡಲಗಿಗೆ ಹೋದೆವು. ಹುಡುಗಿ, ಅವಳ ತಂದೆ ಇಬ್ಬರೂ ನಮ್ಮ ಜೊತೆಗೇ ಇದ್ದರು. ಬಸ್ಸಿನಲ್ಲಿ ಚಾಚಾ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಮಗಳ ಮದುವೆ ಗೊತ್ತು ಮಾಡಿ ಇಳಿಯುವ ಮನುಷ್ಯ ಅವರು!

ಮೂಡಲಗಿಯ ಹೆಡ್ ಮಾಸ್ತರರ ಮನೆಯ ಕಂಪ್ಯೂಟರಿನಲ್ಲಿ ಫೋಟೋ ಸಿಕ್ಕಿತು! ಅದೇ ಪುಸ್ತಕ, ಅದೇ ಹಾಳೆ. ಹುಡುಗಿಯ ಹೆಸರು ಸ್ಪಷ್ಟವಾಗಿದೆ, ತಂದೆಯ ಹೆಸರು ಸ್ಪಷ್ಟವಾಗಿದೆ, ಹುಟ್ಟಿದ ದಿನ ಇರಬೇಕಾದ ಜಾಗದಲ್ಲಿ ಚಾಚಾನ ಹೆಬ್ಬೆರಳು! ಉಗುರಿನ ಗೆರೆ ಸಹ ಎಣಿಸುವ ಹಾಗಿದೆ, ಅಷ್ಟು ಸ್ಪಷ್ಟ. ಹಾಳೆ ಗಾಳಿಗೆ ಹಾರದಿರಲೆಂದು ಒತ್ತಿ ಹಿಡಿದಿದ್ದರು.

ನನಗೆ ನಗು ಬಂತು, ಹುಡುಗಿಯ ಕಣ್ಣು ನೋಡಿ ಅಲ್ಲೇ ನುಂಗಿದೆ. ಅವಳ ತಂದೆ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚಾಚಾಗೆ ಎಷ್ಟೋ ಹಗುರವಾಗುತ್ತಿತ್ತು.

"ಬೆರಳ ಬಂದಿದ್ದ ನಾ ಆವಾಗ ನೋಡೀನಿ" ಎಂದರು ಚಾಚಾ, ಸಣ್ಣ ದನಿಯಲ್ಲಿ. "ನೋಡಿ ಮತ್ತ ತಗದೀನಿ. ಬ್ಯಾರೆ ಫೋಟೋ ಐತಿ. ಐತಿ ಅಂದ್ರ ಐತಿ. ಎಲ್ಲಿ ಅನ್ನೂದ..."

ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ನಾನು ಚಾಚಾನ ಗೊಂಚಲು ಈಸಿಕೊಂಡು, ಪೆನ್ ಡ್ರೈವುಗಳನ್ನು ಒಂದಾದ ಮೇಲೊಂದು ಹಾಕಿ, ಸಿಕ್ಕ ಸಿಕ್ಕ ಫೋಲ್ಡರನ್ನೆಲ್ಲ ತೆರೆಯತೊಡಗಿದೆ. ಊಹೆ ಮಾಡುವುದು ಬೇಡ, ಎಲ್ಲವನ್ನೂ ನೋಡಿಬಿಡುವುದೆಂದು. ಚಾಚಾ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಹೆಸರಿಗೂ ಅದರ ಕಥೆ ಹೇಳುತ್ತಿದ್ದರು. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ಮತ್ತೆ ಕುಳಿತರು. ಹೊತ್ತು ಇಳಿಯುವ ಸುಮಾರಿಗೆ ಒಂದು ಫೋಲ್ಡರ್ ಬಂತು. ಅದರ ಹೆಸರು 'ಹೆಸರು ನಾಳೆ ಇಡೋದು'.

ತೆಗೆದೆ. ದಾಖಲಾತಿಯ ಹಾಳೆಗಳು, ಬೆರಳಿಲ್ಲದೆ! ಹುಡುಗಿಯ ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ಬಿಸಿಲಿಗೆ ಹೊಳೆಯುತ್ತಿದ್ದವು. ಅವಳ ಅಂಕಪಟ್ಟಿಯಲ್ಲಿದ್ದದ್ದೇ ಸರಿಯಾಗಿತ್ತು.

ಚಾಚಾ ಕನ್ನಡಕ ಒರೆಸಿಕೊಂಡು ಫೋಲ್ಡರಿನ ಹೆಸರನ್ನು ಇನ್ನೊಮ್ಮೆ ಓದಿದರು.

"ಅದಕ್ಕ ನೆನಪಾಗಲಿಲ್ಲ ನೋಡು. ಅವತ್ತ ಏನೂ ಆಗಿರಲಿಲ್ಲ!"

ಅಧ್ಯಕ್ಷರು ಅಲ್ಲೇ ಸಹಿ ಮಾಡಿ ಮೊಹರು ಒತ್ತಿದರು. ಹುಡುಗಿ ಹೋಗುವಾಗ ಚಾಚಾನ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದು, "ಬ್ಯಾಡವಾ, ಎರಡ ದಿನ ನಿನ್ನ ಅಳಿಸೇನಿ ನಾ" ಎಂದರು. ಅವಳು ಸೋಮವಾರ ಕಾಗದ ಒಪ್ಪಿಸಿ ಕೆಲಸಕ್ಕೆ ಸೇರಿಕೊಂಡಳು.

ಅದೇ ವಾರ ಅಧ್ಯಕ್ಷರು ತೀರ್ಮಾನ ಮಾಡಿದರು. ಮೂರೂ ಶಾಲೆಗಳ ಕಾಗದಪತ್ರವೆಲ್ಲ ಒಂದೇ ಕಡೆ ಇರಬೇಕು. ಯಾರು ತೆಗೆದರೂ ಸಿಗಬೇಕು. ತಿದ್ದಿದರೆ ಯಾರು, ಯಾವಾಗ ತಿದ್ದಿದರೆಂದು ಕಾಣಬೇಕು. ಫೈನಲ್ ಎಂದರೆ ಒಂದೇ ಫೈನಲ್. ಬೆಳಗಾವಿಯಿಂದ ಒಬ್ಬ ತರುಣ ಎಂಜಿನಿಯರ್ ಬಂದು ಇದನ್ನೆಲ್ಲ ವಿವರಿಸಿದರು. ಚಾಚಾ ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು.

"ಎಲ್ಲಾ ಒಂದ ಕಡೆ ಅಂತೀರಿ. ಅಲ್ಲಿ ನೀರ ಬಂದ್ರ?"

"ಅದರದೊಂದು ನಕಲು ದೂರದ ಊರಲ್ಲಿ ಇರುತ್ತೆ ಸರ್. ದಿನಾ ತಾನಾಗಿಯೇ ಹೋಗುತ್ತೆ."

"ಆ ಊರಾಗ ಹೊಳಿ ಐತೇನು?"

ಎಂಜಿನಿಯರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಫೋನ್ ಮಾಡಿ ವಿಚಾರಿಸಿ, "ಇಲ್ಲ ಸರ್" ಎಂದರು. ಚಾಚಾ ಒಪ್ಪಿದರು.

ನಾನೂ ಅವರೂ ಸೇರಿ ಆ ಬೇಸಿಗೆಯೆಲ್ಲ ಕಡತಗಳನ್ನು ಹೊಸ ಜಾಗಕ್ಕೆ ಸಾಗಿಸಿದೆವು. ಮಂಗ್ಯಾ ಹೋಗಿ 'ಹುಕ್ಕೇರಿ ಕಟ್ಟಡ ಪರವಾನಗಿ' ಆಯಿತು, ಕರದಂಟು ಹೋಗಿ 'ಸಿಬ್ಬಂದಿ ವರ್ಗಾವಣೆ' ಆಯಿತು. "ಈ ಹೆಸರಿನ್ಯಾಗ ಏನ್ ಸ್ವಾದ ಐತಿ ಹೇಳು?" ಎಂದು ಗೊಣಗುತ್ತಲೇ ಬರೆಸಿದರು. ಈಗ ಮೂಡಲಗಿಯವರಿಗೆ ಏನಾದರೂ ಬೇಕಾದರೆ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ನಮಗೆ ಫೋನ್ ಕೂಡ ಬರುವುದಿಲ್ಲ. ಕಚೇರಿ ಎಷ್ಟು ಶಾಂತವಾಗಿದೆಯೆಂದರೆ, ಕೆಲವೊಮ್ಮೆ ಬೇಸರವಾಗುತ್ತದೆ!

ಕೊನೆಯ ಕಡತ ಸೇರಿಸಿದ ಸಂಜೆ ಚಾಚಾ ಬೇಗ ಏಳಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ಕಚೇರಿಯಲ್ಲಿ ಎಂದೂ ಇಲ್ಲದ ಹಾಗೆ ಮೆಲ್ಲಗೆ ಹೇಳಿದರು:

"ಮೊನ್ನಿ ಸಂತಿಯೊಳಗ ನಿಂತಿದ್ನಿ ಬೇಟಿ. ಮನಿ ಯಾವ ಕಡೆ ಅಂತ ತಿಳೀಲಿಲ್ಲ. ಎಲ್ಲಾರೂ ಚಾಚಾ, ಚಾಚಾ ಅಂತ ಮಾತಾಡ್ಸಾಕತ್ತಾರ, ಯಾರನ್ನ ಕೇಳ್ಲಿ? ನಾಚಿಕಿ ಬಂತು. ಒಂದ ಕಟ್ಟಿ ಮ್ಯಾಲ ಕುಂತ್ನಿ. ಭಾಳ ಹೊತ್ತಿನ ಮ್ಯಾಲ ನೆನಪಾತು."

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿ ಕೇಳಿದೆ:

"ಚಾಚಿಗೆ ಹೇಳೀರೇನು?"

"ಇಲ್ಲ. ಅಂಜತಾಳ. ಲಗೂ ಮುಗಿಸೋಣು ಅಂತ ನಿನ್ನ ಬೆನ್ನ ಹತ್ತಿದ್ದು ಇದಕ್ಕ. ನನ್ನ ತಲ್ಯಾಗಿಂದ ಹೋಗೂಕ್ಕಿಂತ ಮೊದಲ ಎಲ್ಲಾ ಒಂದ ಕಡೆ ಬಂದ್ರ ಸಾಕಾಗಿತ್ತು. ಬಂತಲ್ಲಾ, ಆತು ಬಿಡು."

ಬೆಳಗಾವಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಗುಳಿಗೆ ಕೊಟ್ಟಿದ್ದಾರೆ. ಚಾಚಿಗೂ ಹೇಳಿದ್ದಾಯಿತು. ಚಾಚಾ ಇನ್ನೂ ದಿನವೂ ಕಚೇರಿಗೆ ಬರುತ್ತಾರೆ. ಸಂಜೆ ನಾನು ಕಂಪ್ಯೂಟರ್ ಬಂದ್ ಮಾಡುತ್ತಿದ್ದಂತೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಇಬ್ಬರೂ ಸಂತೆ ಬೀದಿಯಲ್ಲಿ ಮೆಲ್ಲಗೆ ನಡೆಯುತ್ತೇವೆ. ತಿರುವು ಬಂದಾಗ ನಾನು ಅರ್ಧ ಹೆಜ್ಜೆ ಮುಂದಾಗುತ್ತೇನೆ, ಅವರು ಹಿಂದೆ ಬರುತ್ತಾರೆ. ಅಂಗಡಿಯವರು ಯಾರಾದರೂ, "ಏನ್ ಚಾಚಾ, ಜೋಡಿ ಹೊಂಟೀರಲ್ಲಾ?" ಎಂದು ಕೇಳಿದರೆ ಅವರದು ಒಂದೇ ಉತ್ತರ.

"ಸಂಜಿ ಆತಲ್ಲಾ. ಹುಡುಗಿ ಒಬ್ಬಾಕಿನ ಹೆಂಗ ಹೊಕ್ಕಾಳ? ಮನಿ ಮುಟ್ಟಿಸಿ ಬರ್ತೇನಿ."

ಹುಡುಗಿಗೆ ನಲವತ್ತು ದಾಟಿದೆ. ನನ್ನ ಮನೆ ಊರಿನ ಆ ತುದಿಗಿದೆ. ನಾನು ಹೌದೆಂದು ತಲೆ ಆಡಿಸಿ, ಅವರ ಮನೆಯ ಕಡೆಗೆ ನಡೆಯುತ್ತೇನೆ.